ಹದಿನೇಳನೆಯ ಪ್ರಶ್ನೆಯ ಮರುಮೌಲ್ಯಮಾಪನ

2014ರಲ್ಲಿ ನಾನು ಬ್ರಿಸ್ಬೇನ್ ನಗರದ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ, ಕಾಫಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಎಂಟು ಜನರ ಕಂಪನಿಯಲ್ಲಿ ಲರ್ನಿಂಗ್ ಡಿಸೈನರ್ ಆಗಿದ್ದೆ. ಹಾಗೆಂದರೆ ಏನು ಎಂಬುದು ಮೈಸೂರಿನಲ್ಲಿರುವ ನಮ್ಮ ಅತ್ತಿಗೆಗೆ ಇಂದಿಗೂ ಅರ್ಥವಾಗಿಲ್ಲ. ಬೇರೆ ಬೇರೆ ಕಂಪನಿಗಳ ನೌಕರರು ಕಂಪ್ಯೂಟರಿನ ಮುಂದೆ ಕುಳಿತು ಓದಿ, ಪರೀಕ್ಷೆ ಬರೆದು, ಮರುದಿನವೇ ಮರೆತುಬಿಡುವ ಪಾಠಗಳನ್ನು ತಯಾರಿಸುವುದು ನನ್ನ ಕೆಲಸ. ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕು, ಭಾರದ ಪೆಟ್ಟಿಗೆ ಎತ್ತುವಾಗ ಮೊಣಕಾಲು ಎಷ್ಟು ಬಗ್ಗಿಸಬೇಕು, ಇಂಥವು. ಆಗ ನನಗೆ ನಲವತ್ತಾರು ವರ್ಷ. ಚಿಂತೆ ಮಾಡುವುದು ನನ್ನ ಎರಡನೆಯ ವೃತ್ತಿ. ಮೊದಲನೆಯದಕ್ಕಿಂತ ಅದರಲ್ಲೇ ಹೆಚ್ಚು ಅನುಭವ. ರನ್‌ಕಾರ್ನ್‌ನ ಮನೆಯಿಂದ ಹೊರಟು ಸ್ಟೇಷನ್ ತಲುಪಿದವನು, ಗ್ಯಾರೇಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ವಾಪಸು ನಡೆದದ್ದು ಒಂದೆರಡು ಸಲವಲ್ಲ. "ಗ್ಯಾರೇಜಲ್ಲಿ ಕಾರೇ ಇಲ್ಲ ಕಣ್ರೀ, ನಾನು ತಗೊಂಡ್ ಹೋಗಿದೀನಿ. ಏನ್ ಕದೀತಾರೆ, ನಿಮ್ಮ ಹಳೇ ಚಪ್ಪಲೀನಾ?" ಎಂದು ಹೆಂಡತಿ ಉಷಾ ಫೋನಿನಲ್ಲಿ ರೇಗಿದ್ದೂ ಉಂಟು.

ಅದರ ಹಿಂದಿನ ವರ್ಷದ ಕೊನೆಗೆ ನಮ್ಮ ಕಂಪನಿಗೆ ದೊಡ್ಡದೊಂದು ಕೆಲಸ ಸಿಕ್ಕಿತ್ತು. ರೋಗಿಗಳ ಮನೆಗೇ ನರ್ಸುಗಳನ್ನು ಕಳುಹಿಸುವ ಸಂಸ್ಥೆ ಅದು. ಮುಖ್ಯ ಕಚೇರಿ ಪರ್ತ್‌ನಲ್ಲಿ. ಬ್ರಿಸ್ಬೇನ್ ಮತ್ತು ಅಡಿಲೇಡ್‌ನಲ್ಲಿ ಶಾಖೆಗಳು. ನರ್ಸು ದಿನಕ್ಕೆ ಹತ್ತು ಹನ್ನೆರಡು ಮನೆ ಸುತ್ತಬೇಕು, ಹಾಗಾಗಿ ಪ್ರತಿಯೊಬ್ಬರಿಗೂ ಸಂಸ್ಥೆಯ ಕಾರು. ಕಾರು ಇಲ್ಲದ ನರ್ಸಿಗೆ ಅಲ್ಲಿ ಕೆಲಸವಿಲ್ಲ.

ಇಲ್ಲಿ ಪಾಯಿಂಟ್‌ಗಳ ವಿಚಾರ ಸ್ವಲ್ಪ ವಿವರಿಸಬೇಕು. ಆಸ್ಟ್ರೇಲಿಯಾದಲ್ಲಿ ವೇಗದ ಮಿತಿ ಮೀರಿದರೆ, ಕಾರು ಓಡಿಸುತ್ತಾ ಫೋನು ಹಿಡಿದರೆ, ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಡೀಮೆರಿಟ್ ಪಾಯಿಂಟ್ ಬೀಳುತ್ತವೆ. ಮೂರು ವರ್ಷದೊಳಗೆ ಅವು ಹನ್ನೆರಡಾದರೆ ಲೈಸೆನ್ಸು ಅಮಾನತು. ಈ ಪಾಯಿಂಟ್‌ಗಳನ್ನು ಇಳಿಸಲು ಈ ಮೂರು ಊರುಗಳಲ್ಲಿ ಯಾವ ಕೋರ್ಸೂ ಇರಲಿಲ್ಲ. ಮೂರು ವರ್ಷ ಮೈಯೆಲ್ಲ ಕಣ್ಣಾಗಿ ಓಡಿಸುವುದೊಂದೇ ದಾರಿ. ಆದರೆ ನಮ್ಮ ಗಿರಾಕಿ ಸಂಸ್ಥೆಯವರು ಸರ್ಕಾರದ ಲೆಕ್ಕ ಸಾಲದೆಂದು ತಮ್ಮದೇ ಇನ್ನೊಂದು ಲೆಕ್ಕ ಇಟ್ಟಿದ್ದರು. ಅವರ ಪಟ್ಟಿಯಲ್ಲಿ ವೇಗಕ್ಕೆ ನಾಲ್ಕು, ಫೋನಿಗೆ ನಾಲ್ಕು, ಸರ್ಕಾರವೇ ಲೆಕ್ಕಕ್ಕೆ ತೆಗೆದುಕೊಳ್ಳದ ಪಾರ್ಕಿಂಗ್ ತಪ್ಪಿಗೂ ಒಂದು. ಹನ್ನೆರಡು ಮುಟ್ಟಿದರೆ ಆರು ತಿಂಗಳು ಕಾರಿನ ಕೀಲಿ ವಾಪಸು. ಈ ಲೆಕ್ಕದಲ್ಲಿ ಒಂದು ಕರುಣೆಯ ಕಿಂಡಿಯಿತ್ತು: ಆನ್‌ಲೈನ್‌ನಲ್ಲಿ ಸಂಚಾರ ಕಾನೂನು ಓದಿ, ನಲವತ್ತು ಪ್ರಶ್ನೆಗಳಲ್ಲಿ ಮೂವತ್ತಾರು ಸರಿ ಮಾಡಿದರೆ ನಾಲ್ಕು ಪಾಯಿಂಟ್ ಕಡಿತ. ಫೇಲಾದರೆ ಮತ್ತೆ ಬರೆಯಬಹುದು, ಆದರೆ ಕಡಿತ ವರ್ಷಕ್ಕೆ ಎರಡೇ ಬಾರಿ. ಆ ಕೋರ್ಸನ್ನು ಬರೆದವನು ನಾನು.

ಮೂರು ಊರು, ಮೂರು ರಾಜ್ಯ, ಮೂರು ಸಂಚಾರ ಕಾನೂನು. ಮೊದಲು ಬ್ರಿಸ್ಬೇನಿನ ಪಾಠ ಬರೆದೆ. ಅದನ್ನು ನಕಲು ಮಾಡಿ ಪರ್ತ್‌ಗೆ ತಿದ್ದಿದೆ, ಮತ್ತೊಂದು ನಕಲು ಮಾಡಿ ಅಡಿಲೇಡ್‌ಗೆ ತಿದ್ದಿದೆ. ಓದದೆಯೇ ಮುಂದಿನ ಪುಟ ಒತ್ತುವ ಕಳ್ಳರ ಚಿಂತೆ ನನಗೆ ವಿಪರೀತವಾಗಿತ್ತು. ಹಾಗಾಗಿ ಪ್ರತಿ ಪುಟಕ್ಕೂ ನಲವತ್ತು ಸೆಕೆಂಡಿನ ತಡೆ ಹಾಕಿದೆ. ತಪ್ಪು ಉತ್ತರ ಒತ್ತಿದರೆ ಕೆಂಪು ಚೌಕಟ್ಟಿನಲ್ಲಿ ಸರಿಯುತ್ತರ ಬರುವಂತೆ ಮಾಡಿದೆ. ಆ ಕೆಂಪು ಬಣ್ಣ ಕಣ್ಣಿಗೆ ಚುಚ್ಚುವುದೇ ಎಂದು ಒಂಬತ್ತು ಸಲ ಬದಲಿಸಿದೆ. ನಮ್ಮ ಬಾಸ್ ಗ್ರೆಗ್ ಬಣ್ಣ ನೋಡಿ ಒಪ್ಪಿಗೆ ಕೊಟ್ಟರು.

ಜುಲೈ ತಿಂಗಳ ಒಂದು ಸೋಮವಾರ ಪರ್ತ್‌ನಿಂದ ಜೂಡಿ ಫೋನ್ ಮಾಡಿದರು. ಅವರು ಆ ಸಂಸ್ಥೆಯ ವಾಹನಗಳ ಮೇಲ್ವಿಚಾರಕಿ. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೂ ಅಷ್ಟೇ ಚಿಕ್ಕದಾಗಿರುತ್ತದೆ.

"ಅಡಿಲೇಡಲ್ಲಿ ರೋಸ್‌ಲಿನ್ ಅಂತ ಒಬ್ಬ ನರ್ಸ್. ಜೂನ್ ಕೊನೇಲಿ ನಿಮ್ಮ ಕೋರ್ಸ್ ಪಾಸ್ ಮಾಡಿದ್ದಾಳೆ. ಬೆಳಗ್ಗೆ ಹನ್ನೊಂದರಿಂದ ಹನ್ನೆರಡೂವರೆ. ಆ ಹೊತ್ತಲ್ಲಿ ಅವಳ ಕಾರು ನಾಲ್ಕು ಮನೆ ಸುತ್ತಿದೆ ಅಂತ ಜಿಪಿಎಸ್ ಹೇಳುತ್ತೆ. ಕೋರ್ಸ್ ತಗೊಂಡಿದ್ದು ಅವಳಾ, ಅಲ್ವಾ? ಒಂದೇ ಪುಟ ಬರೆದುಕೊಡಿ. ಶುಕ್ರವಾರದ ಮೀಟಿಂಗಿಗೆ."

"ಅಲ್ಲ ಅಂತಾದರೆ?" ಎಂದೆ.

"ಅಲ್ಲ ಅಂತಾದರೆ ಕೀಲಿ ಕೊಟ್ಟು ಹೋಗ್ತಾಳೆ."

ರೋಸ್‌ಲಿನ್ ಅವರ ದಾಖಲೆ ತೆರೆದು ನೋಡಿದೆ. ಊರು ಮೈಸೂರು. ಸಂಸ್ಥೆಯೇ ಕೊಡಿಸಿದ 457 ವೀಸಾ. ಕೆಲಸ ಹೋದರೆ ತೊಂಬತ್ತು ದಿನಗಳಲ್ಲಿ ಇನ್ನೊಬ್ಬ ಉದ್ಯೋಗದಾತನನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಕೀಲಿ, ಕೆಲಸ, ವೀಸಾ ಮೂರೂ ಒಂದೇ ದಾರದಲ್ಲಿ. ನನ್ನ ಎಂದಿನ ಚಿಂತೆ ಶುರುವಾಯಿತು. ಆದರೆ ಅಲ್ಲಿಯವರೆಗೂ ಅದು ಬೇರೆಯವರ ಪರವಾದ ಚಿಂತೆ.

ಪಾಯಿಂಟ್‌ಗಳ ಕಥೆ ಹೀಗಿತ್ತು. ಬ್ರಿಸ್ಬೇನಿನಲ್ಲಿದ್ದಾಗ 2013ರ ಕೊನೆಗೆ ಸಿಗ್ನಲ್ಲಿನಲ್ಲಿ ಫೋನು ನೋಡಿದ್ದಕ್ಕೆ ನಾಲ್ಕು, ವೇಗಕ್ಕೆ ನಾಲ್ಕು, ಎರಡು ಪಾರ್ಕಿಂಗ್; ಒಟ್ಟು ಹತ್ತು. ಫೆಬ್ರವರಿಯಲ್ಲಿ ಅಡಿಲೇಡ್‌ಗೆ ವರ್ಗವಾಗಿ, ಮಾರ್ಚ್‌ನಲ್ಲಿ ಕೋರ್ಸ್ ಮುಗಿಸಿದ್ದರಿಂದ ಆರಕ್ಕೆ ಇಳಿದಿತ್ತು. ಮೇ ತಿಂಗಳ ಒಂದೇ ವಾರದಲ್ಲಿ ಒಂದೇ ಶಾಲೆಯ ಮುಂದೆ ಎರಡು ಸಲ ವೇಗದ ಕ್ಯಾಮೆರಾಕ್ಕೆ ಸಿಕ್ಕು ಹದಿನಾಲ್ಕಕ್ಕೆ ಏರಿತು. ನೋಟೀಸುಗಳು ಜೂನ್‌ನಲ್ಲಿ ಬಂದವು. ಜೂನ್ ಕೊನೆಯ ಕೋರ್ಸಿನಿಂದ ಮತ್ತೆ ಹತ್ತು. ಅಂದರೆ ಆ ಎರಡನೆಯ ಕೋರ್ಸು ಸುಳ್ಳಾದರೆ ಅವರ ಕಾರು ಆಗಲೇ ಹೋಗಬೇಕಿತ್ತು.

ಪ್ರತಿ ಉತ್ತರದ ದಾಖಲೆಯೂ ನಮ್ಮ ಸರ್ವರಿನಲ್ಲಿ ಇರುತ್ತದೆ. ಮಧ್ಯಾಹ್ನದ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದಾಗಿ ನೋಡುತ್ತಾ ಹೋದೆ. ಮಾರ್ಚ್‌ನಲ್ಲಿ ಮೊದಲ ಸಲ ಬರೆದಾಗ ಮೂವತ್ತನಾಲ್ಕು ಬಂದು ಫೇಲಾಗಿದ್ದರು. ಮತ್ತೆ ಬರೆದು ಮೂವತ್ತೇಳು ತೆಗೆದಿದ್ದರು. ಜೂನ್‌ನಲ್ಲಿ ಮೂವತ್ತೊಂಬತ್ತು. ಆವತ್ತು ತಪ್ಪಾಗಿದ್ದು ಒಂದೇ ಉತ್ತರ, ಹದಿನೇಳನೆಯದು. ವಿಚಿತ್ರವೆಂದರೆ, ಆ ಪ್ರಶ್ನೆಗೆ ಅವರು ಮೊದಲು 25 ಎಂದು ಒತ್ತಿ ತಪ್ಪಾಗಿ, ಎರಡನೆಯ ಸಲ 40 ಒತ್ತಿ ಸರಿ ಮಾಡಿ, ಜೂನ್‌ನಲ್ಲಿ ಮತ್ತೆ 25 ಒತ್ತಿದ್ದರು. ಉಳಿದೆಲ್ಲ ಸರಿ ಮಾಡಿದವರು ಕಲಿತದ್ದನ್ನೇ ಮರೆತರೇ?

ಪ್ರಶ್ನೆ ತೆರೆದೆ. ಶಾಲೆಯ ಮುಂದಿನ ರಸ್ತೆಯ ಚಿತ್ರ. ಫುಟ್‌ಪಾತಿನ ಮೇಲೆ ಬ್ಯಾಗು ಹಾಕಿಕೊಂಡು ನಡೆಯುತ್ತಿರುವ ಹುಡುಗಿ. ಇಲ್ಲಿ ಗರಿಷ್ಠ ವೇಗ ಎಷ್ಟು? ಉತ್ತರ: ಗಂಟೆಗೆ 40 ಕಿಲೋಮೀಟರ್.

ಶಾಲೆಯ ಸಮಯದಲ್ಲಿ ಬ್ರಿಸ್ಬೇನಿಗೆ ಅದು ಸರಿ. ಪರ್ತ್‌ಗೂ ಸರಿ. ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಶಾಲಾ ವಲಯದಲ್ಲಿ ಮಕ್ಕಳು ಇದ್ದರೆ 25. ರಸ್ತೆ ದಾಟುತ್ತಿದ್ದರೂ ಅಷ್ಟೇ, ಫುಟ್‌ಪಾತಿನಲ್ಲಿದ್ದರೂ ಅಷ್ಟೇ. ಅಡಿಲೇಡ್ ಪ್ರತಿಯಲ್ಲಿ ನಾನು ರಾಜ್ಯದ ಹೆಸರು ಬದಲಿಸಿದ್ದೆ, ಲಾಂಛನ ಬದಲಿಸಿದ್ದೆ, ಹುಡುಗಿಯ ಯೂನಿಫಾರಮ್ಮಿನ ಬಣ್ಣವನ್ನೂ ಬದಲಿಸಿದ್ದೆ. ಉತ್ತರ ಬದಲಿಸಿರಲಿಲ್ಲ.

ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು. ಇದರ ಬಗ್ಗೆ ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂಬ ಭಯಕ್ಕೆ, ಕೋರ್ಸಿನ ಕೊನೆಯ ಪುಟದಲ್ಲಿ 'ತೊಂದರೆಯಿದ್ದರೆ ಬರೆಯಿರಿ' ಎಂದು ಕೊಟ್ಟಿದ್ದ ವಿಳಾಸದ ಅಂಚೆಪೆಟ್ಟಿಗೆ ತೆರೆದೆ. ಅದನ್ನು ನಾನು ಓದುತ್ತೇನೆಂದು ಗ್ರೆಗ್ ತಿಳಿದಿದ್ದರು. ಗ್ರೆಗ್ ಓದುತ್ತಾರೆಂದು ನಾನು. ಅರವತ್ತೊಂದು ಇಮೇಲ್‌ಗಳಿದ್ದವು. ಹೆಚ್ಚಿನವು ಪಾಸ್‌ವರ್ಡ್ ಮರೆತವರದು. ಮೂರು ಮಾತ್ರ ಒಬ್ಬರದೇ. ಇಂಗ್ಲಿಷಿನಲ್ಲಿದ್ದ ಮೊದಲನೆಯದರ ಸಾರಾಂಶ ಇದು:

'ಮಾನ್ಯರೇ, ನನ್ನ ಮಗಳು ರೋಸ್‌ಲಿನ್ ಹೆಸರಿನಲ್ಲಿ ನಾನು ಬರೆದ ಪರೀಕ್ಷೆಯಲ್ಲಿ ಹದಿನೇಳನೆಯ ಪ್ರಶ್ನೆಗೆ ಸರಿಯಾದ ಉತ್ತರ ನೀಡಿದ್ದರೂ ಅಂಕ ದೊರೆತಿಲ್ಲ. ಸರ್ಕಾರದ ಚಾಲಕರ ಕೈಪಿಡಿಯ ಪುಟವನ್ನು ಲಗತ್ತಿಸಿದ್ದೇನೆ. ದಯವಿಟ್ಟು ಮರುಮೌಲ್ಯಮಾಪನ ಮಾಡಿ ಒಂದು ಅಂಕ ನೀಡಬೇಕಾಗಿ ವಿನಂತಿ. ಇತಿ, ಫ್ರಾನ್ಸಿಸ್, ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರು.'

ಎರಡನೆಯದು ಜ್ಞಾಪನಾ ಪತ್ರ. ಮೂರನೆಯದರಲ್ಲಿ ದನಿ ಬದಲಾಗಿತ್ತು: 'ಇದು ನನ್ನ ಒಂದು ಅಂಕದ ಮಾತಲ್ಲ. ನಿಮ್ಮ ಪಾಠ ಓದಿದವರು ಮಕ್ಕಳ ಪಕ್ಕದಲ್ಲಿ ನಲವತ್ತರಲ್ಲಿ ಹೋಗುತ್ತಾರೆ. ಯಾರಾದರೂ ಇದನ್ನು ಓದುತ್ತಿದ್ದೀರಾ?'

ಪ್ರಪಂಚದಲ್ಲಿ ಕಳ್ಳಪರೀಕ್ಷೆ ಬರೆದವರು ಬೇಕಾದಷ್ಟು ಜನ. ಕಳ್ಳಪರೀಕ್ಷೆ ಬರೆದು, ಮೂವತ್ತೊಂಬತ್ತು ಬಂದು ಪಾಸಾದ ಮೇಲೂ, ನಲವತ್ತನೆಯ ಅಂಕಕ್ಕೆ ಸಹಿ ಹಾಕಿ ಅರ್ಜಿ ಕೊಡುವವರು ನಮ್ಮ ಮೈಸೂರಿನ ಮೇಷ್ಟ್ರು ಮಾತ್ರ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಜೂಡಿ ಕೇಳಿದ್ದ ಪುರಾವೆ ನನ್ನ ಕೈಯಲ್ಲೇ ಇತ್ತು. ಆದರೆ ಆ ಪತ್ರವನ್ನು ಮೇಜಿನ ಮೇಲಿಟ್ಟರೆ ರೋಸ್‌ಲಿನ್ ಅವರ ಜೊತೆ ನಾನೂ ಮೇಜಿನ ಮೇಲೆ ಮಲಗಬೇಕು.

ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಏನನ್ನೂ ಯೋಚಿಸುವ ಮುನ್ನ, ಪ್ರಶ್ನೆ ತೆರೆದು, 40ನ್ನು ಅಳಿಸಿ 25 ಬರೆದು, ಸೇವ್ ಒತ್ತಿದೆ. ನಾಲ್ಕು ಸೆಕೆಂಡು ಹಿಡಿಯಿತು. ಕೂಡಲೇ ತಿದ್ದಬೇಕಾದ್ದೇ ಹೌದು. ಆದರೆ ಯಾರಿಗೂ ಹೇಳದೆ, ಬಾಗಿಲ ಕಡೆ ಒಮ್ಮೆ ನೋಡಿ ತಿದ್ದಿದೆ.

ಗುರುವಾರ ನನಗೆ ಹೇಗೂ ಅಡಿಲೇಡ್ ಶಾಖೆಯಲ್ಲಿ ತರಬೇತಿಯೊಂದಿತ್ತು. ಅದನ್ನು ಮುಗಿಸಿ ಮೂರು ಗಂಟೆಗೆ ರೋಸ್‌ಲಿನ್ ಅವರನ್ನು ಭೇಟಿಯಾಗಲು ಕೇಳಿದ್ದೆ. ಮೂವತ್ತೆರಡರ ಆಸುಪಾಸಿನ, ಕಣ್ಣ ಕೆಳಗೆ ಆಯಾಸ ಮೆತ್ತಿಕೊಂಡ ಹೆಣ್ಣುಮಗಳು. "ಮನೇಗೇ ಬನ್ನಿ ಸರ್, ಇಲ್ಲಿ ಬೇಡ," ಎಂದು ಸಂಸ್ಥೆಯ ಬಿಳಿ ಕಾರಿನಲ್ಲಿ ಕೂರಿಸಿಕೊಂಡರು. ಅವರ ಮನೆಯಿದ್ದ ಪ್ರಾಸ್ಪೆಕ್ಟ್ ಬಡಾವಣೆಯ ಕಡೆಗೆ ಹೋಗುವಾಗ ಒಂದು ಶಾಲೆ ಬಂತು. ಬಿಟ್ಟ ಹೊತ್ತು. ಕಾರು ತೆವಳತೊಡಗಿತು. ಹಿಂದಿನ ವ್ಯಾನಿನವನು ಹಾರನ್ ಬಾರಿಸಿದ.

"ಇದೇ ಸ್ಕೂಲ್ ಸರ್," ಎಂದರು. "ಎರಡು ಸಲಾನೂ ಮೂವತ್ತೆಂಟಲ್ಲಿ ಹೋಗಿದ್ದೆ."

"ಬೋರ್ಡಲ್ಲಿ ಇಪ್ಪತ್ತೈದು ಅಂತ ಇದೆಯಲ್ಲಾ ರೋಸ್‌ಲಿನ್."

"ಇದೆ. ಮಕ್ಕಳು ಇದ್ರೆ ಇಪ್ಪತ್ತೈದು ಅಂತ. ನಾನು ಮೊದಲು ಸರಿಯಾಗೇ ಅಂದ್ಕೊಂಡಿದ್ದೆ. ನಿಮ್ಮ ಪರೀಕ್ಷೇಲಿ ಇಪ್ಪತ್ತೈದು ಅಂತಲೇ ಒತ್ತಿದೆ. ದೊಡ್ಡದಾಗಿ ಕೆಂಪು ಬಾಕ್ಸ್ ಬಂತು. ತಪ್ಪು, ನಲವತ್ತು ಅಂತ. ಓ, ಮಕ್ಕಳು ರೋಡ್ ದಾಟ್ತಿದ್ರೆ ಮಾತ್ರ ಇಪ್ಪತ್ತೈದು, ಫುಟ್‌ಪಾತಲ್ಲಿದ್ರೆ ನಲವತ್ತು ಅಂತ ಅರ್ಥ ಮಾಡ್ಕೊಂಡೆ." ಹಾರನ್ ಮತ್ತೆ ಮೊಳಗಿತು. ಅವರು ಕನ್ನಡಿಯತ್ತ ನೋಡಲೂ ಇಲ್ಲ. "ಕಾನೂನು ಕಲಿಸೋರು ನೀವು. ಕಲ್ತೆ."

ಒಂಬತ್ತು ಸಲ ಬದಲಿಸಿದ ಕೆಂಪು ಬಣ್ಣ ಕಣ್ಣ ಮುಂದೆ ಬಂತು. ಚೆನ್ನಾಗಿಯೇ ಕೆಲಸ ಮಾಡಿತ್ತು.

ಮನೆಯಲ್ಲಿ ಫ್ರಾನ್ಸಿಸ್ ಮೇಷ್ಟ್ರು ಎರಡು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಎಪ್ಪತ್ತೊಂದು ವರ್ಷ, ಸ್ವೆಟರಿನ ಮೇಲೆ ಕೋಟು, ಕೋಟಿನ ಜೇಬಿನಲ್ಲಿ ಎರಡು ಪೆನ್ನು. ಮಗು ನೋಡಿಕೊಳ್ಳಲು ಆರು ತಿಂಗಳಿಗೆಂದು ಬಂದವರು. ಅಳಿಯ ಗೋದಾಮಿನ ಶಿಫ್ಟಿಗೆ ಹೋಗಿದ್ದ.

"ಬನ್ನಿ ಬನ್ನಿ. ಪರೀಕ್ಷಾ ಮಂಡಳಿಯೋರು ಮನೆಗೇ ಬಂದ್ಬಿಟ್ರಲ್ಲಾ!"

"ಅಪ್ಪಾ, ಸುಮ್ನಿರಿ ಸ್ವಲ್ಪ," ಎಂದರು ರೋಸ್‌ಲಿನ್. ಟೀ ಬಂತು, ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಯ ಕೋಡುಬಳೆ ಬಂತು. ಮೇಷ್ಟ್ರು ಒಂದು ನೋಟ್‌ಬುಕ್ಕನ್ನು ನನ್ನ ಮುಂದೆ ಸರಿಸಿದರು. ದಕ್ಷಿಣ ಆಸ್ಟ್ರೇಲಿಯಾದ ಸಂಚಾರ ಕಾನೂನು ಅಷ್ಟೂ ದುಂಡನೆಯ ಅಕ್ಷರದಲ್ಲಿ, ಕೆಂಪು ಶಾಯಿಯ ಅಡಿಗೆರೆಗಳ ಸಮೇತ ಅಲ್ಲಿತ್ತು. ಜೀವನದಲ್ಲಿ ಸ್ಕೂಟರನ್ನೂ ಓಡಿಸಿದವರಲ್ಲ.

"ಮೇಷ್ಟ್ರೇ, ನೀವು ಬೇರೆಯವರ ಹೆಸರಲ್ಲಿ ಪರೀಕ್ಷೆ ಬರೆದಿದ್ದೀರಿ. ಅದನ್ನ ನೀವೇ ಬರೆದು, ಹೆಸರು ಹಾಕಿ, ನಮಗೇ ಕಳಿಸಿದ್ದೀರಿ."

"ಮತ್ತಿನ್ನೇನಪ್ಪಾ? ಸರಿ ಉತ್ತರಕ್ಕೆ ಮಾರ್ಕ್ಸ್ ಕೊಟ್ಟಿಲ್ಲ ಅಂದ್ರೆ ಕೇಳ್ಬೇಡ್ವಾ?"

"ಇವರ ಕೆಲಸ ಹೋಗೋ ಹಾಗಾಗಿದೆ."

"ನಂಗೇನ್ ಗೊತ್ತು, ಇದು ಅಷ್ಟು ದೊಡ್ಡ ವಿಷ್ಯ ಅಂತ? ಇವಳು ದಿನಾ ಹನ್ನೆರಡು ಮನೆ ಸುತ್ತಿ ಬಂದು, ಲ್ಯಾಪ್‌ಟಾಪ್ ಮುಂದೆ ಕೂತ್ರೆ ಹಾಗೇ ತೂಕಡಿಸ್ತಾಳೆ. ಓದೋದು ನಂಗೆ ಅಭ್ಯಾಸ. ಓದಿದೆ, ಬರೆದೆ."

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಆಗ ವಿಚಾರಿಸಲಿಲ್ಲ. "ನಿಮ್ಮ ಸ್ಕೂಲಲ್ಲಿ ಒಬ್ಬನ ಪೇಪರನ್ನ ಇನ್ನೊಬ್ಬ ಬರೆದಿದ್ರೆ ಏನ್ ಮಾಡ್ತಿದ್ರಿ ಮೇಷ್ಟ್ರೇ?"

ಮೇಷ್ಟ್ರ ಮುಖ ಇಳಿಯಿತು. ಮೊಮ್ಮಗಳನ್ನು ಮೆಲ್ಲಗೆ ಕೆಳಗಿಳಿಸಿದರು. "ಡಿಬಾರ್ ಮಾಡ್ತಿದ್ದೆ," ಎಂದರು. "ಮಾಡಿದ್ದೀನಿ ಕೂಡಾ." ಜೇಬಿನ ಪೆನ್ನು ಸರಿಮಾಡಿಕೊಂಡು ತಲೆ ಎತ್ತಿದರು. "ಆದ್ರೆ ಪ್ರಶ್ನೆಪತ್ರಿಕೇನೇ ತಪ್ಪಿದ್ರೆ, ಅದನ್ನ ತೆಗೆದೋರಿಗೆ ಏನ್ ಮಾಡ್ಬೇಕು ಅನ್ನೋದು ನಮ್ಮ ಸ್ಕೂಲಲ್ಲಿ ಬರ್ಲಿಲ್ಲ. ಅದನ್ನ ನೀವೇ ಹೇಳ್ಬೇಕು. ನಿನ್ನೆ ನೋಡಿದ್ರೆ ಹದಿನೇಳು ಸರಿಯಾಗಿದೆ. ಯಾರು ತಿದ್ದಿದ್ದು?"

"ಮತ್ತೆ ಲಾಗಿನ್ ಆದ್ರಾ ಅಪ್ಪಾ!" ರೋಸ್‌ಲಿನ್ ಹಣೆ ಹಿಡಿದುಕೊಂಡರು.

"ಮಾರ್ಕ್ಸ್ ಬಂತೇನೋ ನೋಡೋಣ ಅಂತ."

ತಿದ್ದಿದವನು ನಾನು ಎಂದೆ. ಯಾರಿಗೆ ಹೇಳಿ ತಿದ್ದಿದಿರಿ ಎಂದು ಮೇಷ್ಟ್ರು ಕೇಳಿದರು. ಯಾರಿಗೂ ಇಲ್ಲ ಎಂದೆ. ಅವರು "ಹೂಂ" ಎಂದರು. ಮೂವತ್ತು ವರ್ಷಗಳ ಹಿಂದೆ ಹೋಮ್‌ವರ್ಕ್ ತರದೆ ಬೆಂಚಿನ ಮೇಲೆ ನಿಂತಾಗ ಕೇಳಿದ್ದ ಅದೇ ಹೂಂ.

ಬಾಗಿಲವರೆಗೆ ಬಂದ ರೋಸ್‌ಲಿನ್ ದನಿ ತಗ್ಗಿಸಿದರು. "ಸರ್, ನಾನೇ ಬರೆದೆ ಅಂತ ಹಾಕ್ಬಿಡಿ. ಪೇಷಂಟ್ ಮನೇಲಿ ಕೂತು ಫೋನಲ್ಲಿ ಮಾಡಿದೆ ಅಂತ. ನಿಮ್ದೂ ಮುಚ್ಚಿಹೋಗುತ್ತೆ, ನಂದೂ ಮುಚ್ಚಿಹೋಗುತ್ತೆ."

ಇಷ್ಟು ಅನುಕೂಲವಾದ ಸಲಹೆಯನ್ನು ನನ್ನ ವೃತ್ತಿಜೀವನದಲ್ಲಿ ಇನ್ನಾರೂ ಕೊಟ್ಟಿಲ್ಲ. ಹೋಟೆಲಿಗೆ ಹೋಗುವ ಬಸ್ಸಿನಲ್ಲಿ ಉಷಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಆ ಕೋರ್ಸ್ ಓದಿದೋರು ಅವಳೊಬ್ಬಳೇನಾ?"

ಅಲ್ಲ. ಮೂರು ದಿನಗಳಿಂದ ನನ್ನ ಕೆಲಸ, ಅವರ ಕೆಲಸ, ನನ್ನ ಮರ್ಯಾದೆ ಎಂದು ಉರುಳಾಡುತ್ತಿದ್ದ ತಲೆಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಉತ್ತರವನ್ನು ತಿದ್ದಿದ್ದೆ, ನಿಜ. ಆದರೆ ಮೊದಲೇ ಓದಿ ಹೋದವರ ತಲೆಯಲ್ಲಿ ನಲವತ್ತು ಹಾಗೇ ಇತ್ತು.

ಶುಕ್ರವಾರ ಪರ್ತ್‌ನಲ್ಲಿ ಒಂಬತ್ತು, ಅಡಿಲೇಡ್‌ನಲ್ಲಿ ಹತ್ತೂವರೆ, ಬ್ರಿಸ್ಬೇನ್‌ನಲ್ಲಿ ಹನ್ನೊಂದು ಗಂಟೆ. ಪರ್ತ್‌ನಿಂದ ಜೂಡಿ, ಬ್ರಿಸ್ಬೇನ್‌ನಿಂದ ಗ್ರೆಗ್, ಅಡಿಲೇಡ್ ಶಾಖೆಯ ಕಿಟಕಿಯಿಲ್ಲದ ಕೋಣೆಯಿಂದ ನಾನು. ಫೋನಿನ ಸ್ಪೀಕರಿಗೆ ನನ್ನ ಒಂದು ಪುಟ ಓದಿದೆ. ಜೂನ್‌ನ ಪರೀಕ್ಷೆ ಬರೆದವರು ರೋಸ್‌ಲಿನ್ ಅಲ್ಲ, ಅವರ ತಂದೆ. ಅಡಿಲೇಡ್ ಪಾಠದ ಹದಿನೇಳನೆಯ ಪ್ರಶ್ನೆಯ ಉತ್ತರ ತಪ್ಪಿತ್ತು, ಬರೆದವನು ನಾನು. ರೋಸ್‌ಲಿನ್ ಮೊದಲು ಸರಿಯುತ್ತರ ಕೊಟ್ಟಿದ್ದರು. ಅದು ತಪ್ಪೆಂದು ಕಲಿಸಿದ್ದು ನಮ್ಮ ಪಾಠ. ಸೋಮವಾರ ಯಾರಿಗೂ ಹೇಳದೆ ತಿದ್ದಿದ್ದೇನೆ.

ಗ್ರೆಗ್ ಕಡೆಯಿಂದ ಕುರ್ಚಿ ಕಿರುಗುಟ್ಟಿದ ಸದ್ದು ಬಂತು.

"ಆ ತಂದೆ ಏನು ಕೆಲಸ ಮಾಡ್ತಾರೆ?" ಎಂದರು ಜೂಡಿ.

"ನಿವೃತ್ತ ಹೆಡ್‌ಮಾಸ್ಟರ್. ಲೈಸೆನ್ಸ್ ಇಲ್ಲ."

"ಚೆನ್ನಾಗಿದೆ. ಈ ಕೋರ್ಸಿನಲ್ಲಿ ಅತಿ ಹೆಚ್ಚು ಅಂಕ ತೆಗೆದವರು ನಮ್ಮ ನೌಕರರೂ ಅಲ್ಲ, ಡ್ರೈವರೂ ಅಲ್ಲ." ನಗಲಿಲ್ಲ. "ಆ ಪಾಠವನ್ನ ಅಡಿಲೇಡಲ್ಲಿ ಎಷ್ಟು ಜನ ಪಾಸ್ ಮಾಡಿದ್ದಾರೆ?"

"ರೋಸ್‌ಲಿನ್ ಸೇರಿ ಇಪ್ಪತ್ತಮೂರು."

"ಇವತ್ತು ಮೂರು ಗಂಟೆಗೆ ಸ್ಕೂಲು ಬಿಡುತ್ತೆ. ರೋಸ್‌ಲಿನ್ ವಿಷಯದ ತೀರ್ಮಾನ ಆಮೇಲೆ. ಅಷ್ಟರೊಳಗೆ ಉಳಿದ ಇಪ್ಪತ್ತೆರಡು ಜನಕ್ಕೂ ನೀವೇ ಫೋನ್ ಮಾಡಿ ಹೇಳಿ. ನಿಮ್ಮ ಬಾಯಿಂದಲೇ."

ಮಾಡಿದೆ. ಹನ್ನೊಂದೂಕಾಲಿಗೆ ಶುರುಮಾಡಿ, ಎರಡು ಗಂಟೆ ನಲವತ್ತು ನಿಮಿಷಕ್ಕೆ ಕೊನೆಯ ಕರೆ. ನಮಸ್ಕಾರ, ನಿಮಗೆ ಸಂಚಾರ ಕಾನೂನು ಕಲಿಸಿದವನು ನಾನು, ತಪ್ಪು ಕಲಿಸಿದ್ದೇನೆ. ಮೊದಲ ಕರೆಯಲ್ಲಿ ನಾಲಗೆ ತೊಡರಿತು. ಐದನೆಯ ಕರೆಗೆ ರೂಢಿಯಾಯಿತು. ಎಂಟನೆಯದಕ್ಕೆ ಬಂದ ಉತ್ತರ ನಾನು ಎಣಿಸಿರದಿದ್ದುದು. ಅಡಿಲೇಡಿನಲ್ಲೇ ಹುಟ್ಟಿ ಬೆಳೆದ ಹಿರಿಯ ನರ್ಸೊಬ್ಬರು ಗಹಗಹಿಸಿ ನಕ್ಕರು. "ಅದು ನಂಗೆ ಅವತ್ತೇ ಗೊತ್ತಿತ್ತು ಮಹರಾಯ. ಮೊದಲನೇ ಸಲ ಇಪ್ಪತ್ತೈದು ಒತ್ತಿದೆ, ತಪ್ಪು ಅಂತು. ಎರಡನೇ ಸಲ ನಲವತ್ತು ಒತ್ತಿ ಪಾಸಾದೆ. ನಿಮ್ಮ ಕಂಪ್ಯೂಟರಿಗೆ ನಲವತ್ತು, ನಮ್ಮ ರೋಡಿಗೆ ಇಪ್ಪತ್ತೈದು!"

"ಯಾಕೆ ತಿಳಿಸಲಿಲ್ಲ?"

"ತಿಳಿಸಿದರೆ ಯಾರು ಓದ್ತಾರೆ?"

ಮುಂದಿನವರಲ್ಲಿ ಹಲವರು ಇದನ್ನೇ ಹೇಳಿದರು. ಕೆಲವರಿಗೆ ಆ ಪ್ರಶ್ನೆ ನೆನಪೇ ಇರಲಿಲ್ಲ. ಶಾಲೆಯ ಮುಂದೆ ದಂಡ ಬಿದ್ದವರು ಬೇರೆ ಯಾರೂ ಇರಲಿಲ್ಲ. ಇಪ್ಪತ್ತಮೂರು ಜನರಲ್ಲಿ ನನ್ನ ಪಾಠವನ್ನು ಪೂರ್ತಿ ನಂಬಿದವರು ಒಬ್ಬರೇ. ಊರಿಗೆ ಹೊಸಬರು. ಅಚ್ಚಾದದ್ದು ತಪ್ಪಿರಲಾರದೆಂದು ಮೇಷ್ಟ್ರ ಮನೆಯಲ್ಲಿ ಬೆಳೆದವರು.

ನಾಲ್ಕು ಗಂಟೆಗೆ ಜೂಡಿಯ ತೀರ್ಮಾನ ಬಂತು. ಶಾಲೆಯ ಎರಡು ತಪ್ಪುಗಳ ಎಂಟು ಪಾಯಿಂಟ್ ರದ್ದು. ಜೂನ್‌ನ ಪರೀಕ್ಷೆಯೂ ರದ್ದು. ಲೆಕ್ಕ ಆರಕ್ಕೆ ನಿಂತಿತು. ಕೀಲಿ ಅವರ ಬಳಿಯೇ ಉಳಿಯಿತು. ಇನ್ನೊಬ್ಬರಿಂದ ಬರೆಸಿದ್ದಕ್ಕೆ ಲಿಖಿತ ಎಚ್ಚರಿಕೆ. ಸೋಮವಾರ ಶಾಖೆಯಲ್ಲಿ, ನನ್ನ ಕಣ್ಣೆದುರು, ತಿದ್ದಿದ ಪರೀಕ್ಷೆಯನ್ನು ಅವರೇ ಬರೆಯಬೇಕು.

ಇದು ಸುಖಾಂತ್ಯವೆಂದು ನಾನೂ ಎರಡು ದಿನ ನಂಬಿದ್ದೆ. ಸೋಮವಾರ ಅವರು ಬರೆದರು, ಮೂವತ್ತೆಂಟು ಬಂತು. ನಾನು ಅಭಿನಂದಿಸಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿ ಕೇಳಿದರು, "ಮತ್ತೆ ಸರ್ಕಾರದ್ದು ಸರ್?"

ಸಂಸ್ಥೆಯ ಪಾಯಿಂಟ್‌ಗಳನ್ನು ಸಂಸ್ಥೆ ಅಳಿಸಬಹುದು. ಸರ್ಕಾರದ ಲೆಕ್ಕದಲ್ಲಿ ಬ್ರಿಸ್ಬೇನಿನ ಫೋನಿಗೆ ಮೂರು, ವೇಗಕ್ಕೆ ಒಂದು; ಲೈಸೆನ್ಸಿನ ಮೇಲಿದ್ದ ಆ ನಾಲ್ಕರ ಜೊತೆಗೆ, ಶಾಲೆಯ ಮುಂದಿನ ಎರಡು ತಪ್ಪಿಗೆ ಮೂರು ಮೂರರಂತೆ ಆರು ಸೇರಿ ಹತ್ತಾಗಿದ್ದವು. ಹನ್ನೆರಡಕ್ಕೆ ಎರಡೇ ಬಾಕಿ. ವೇಗದ ಅತಿ ಸಣ್ಣ ತಪ್ಪಿಗೂ ಅಲ್ಲಿ ಎರಡು. ತಪ್ಪು ನಮ್ಮದೆಂದು ನಾನು ಎರಡು ಪುಟದ ಪತ್ರ ಬರೆದು, ಗ್ರೆಗ್ ಸಹಿ ಹಾಕಿಸಿ ಅಧಿಕಾರಿಗಳಿಗೆ ಕಳಿಸಿದೆ. ನಾಲ್ಕು ಸಾಲಿನ ಉತ್ತರ ಬಂತು: ಖಾಸಗಿ ಕೋರ್ಸಿಗೂ ಇದಕ್ಕೂ ಸಂಬಂಧವಿಲ್ಲ, ರಸ್ತೆಯಲ್ಲಿ ಫಲಕವಿದೆ, ಫಲಕ ಸರಿಯಾಗಿದೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ಉರಿ ಹತ್ತಿಸಿದ್ದು.

ಆ ಉತ್ತರವನ್ನು ತಿಳಿಸಲು ಫೋನು ಮಾಡಿ ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ, ರೋಸ್‌ಲಿನ್ ತಡೆದರು. "ನೀವು ಸಾರಿ ಅಂದ್ರೆ ನಾನು ಪರವಾಗಿಲ್ಲ ಅನ್ಬೇಕಾಗುತ್ತೆ ಸರ್. ಅದಕ್ಕೇ ಹೇಳ್ಬೇಡಿ. ಹತ್ತು ಪಾಯಿಂಟ್ ಇಟ್ಕೊಂಡು ದಿನಾ ಹನ್ನೆರಡು ಮನೆ ಸುತ್ತೋದು ನಾನು."

ಬ್ರಿಸ್ಬೇನಿನ ಪಾಯಿಂಟ್‌ಗಳ ಅವಧಿ ಮುಗಿದು ಅವರು ಸ್ವಲ್ಪ ಉಸಿರಾಡುವಂತಾದದ್ದು 2016ರ ಕೊನೆಗೆ. ಅಲ್ಲಿಯವರೆಗೆ ಒಂದು ನೋಟೀಸೂ ಬರಲಿಲ್ಲ ಎಂದು ಶಾಖೆಯವರಿಂದ ತಿಳಿಯಿತು. ನನಗೆ ಗ್ರೆಗ್ ಆರು ತಿಂಗಳು ಕಾನೂನಿನ ಪಾಠ ಕೊಡಲಿಲ್ಲ. ಕೈ ತೊಳೆಯುವ ವಿಧಾನದ ಕೋರ್ಸು ಕೊಟ್ಟರು. ಅದು ಮೂರು ರಾಜ್ಯಗಳಲ್ಲೂ ಒಂದೇ ಎಂಬ ಕಾರಣಕ್ಕೆ. ಆದರೂ ಮೂರು ರಾಜ್ಯಗಳ ಆರೋಗ್ಯ ಇಲಾಖೆಗಳಿಗೂ ಬರೆದು ಕೇಳಿದೆ.

ಆ ಕೆಲಸ ನನಗೆ ಕಲಿಸಿದ್ದನ್ನು ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಈಗ ಹೇಳುತ್ತೇನೆ. ಅವರೂ ನನ್ನ ಹಾಗೆಯೇ, ಓದದೆ ಪಾಸಾಗುವವರನ್ನು ಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ಓದದವರ ಚಿಂತೆ ಬಿಡಿ, ಅವರಿಗೆ ನಮ್ಮಿಂದ ಏನೂ ಆಗುವುದಿಲ್ಲ ಎನ್ನುತ್ತೇನೆ. ಚಿಂತೆ ಮಾಡಬೇಕಾದ್ದು ಪ್ರತಿ ಸಾಲನ್ನೂ ಓದಿ, ಅದನ್ನು ನಂಬಿ ಮನೆಯಿಂದ ಹೊರಡುವ ಒಬ್ಬರ ಬಗ್ಗೆ. ನಾವು ಇಲ್ಲಿ ಬೆರಳಿನಿಂದ ಒತ್ತಿದ ಅಂಕಿಯನ್ನು ಅವರು ಅಲ್ಲಿ ಕಾಲಿನಿಂದ ಒತ್ತುತ್ತಾರೆ.